ಮಳೆಗಾಲ ಅಂತ ರೇಟು ಇಳಿಸಬೇಡ

ಚಿ. ಪುಟ್ಟುವಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಮೂಡಿಗೆರೆ ಕಡೆ ಮಳೆ ಹಿಡಿದು ಕೂತಿದೆ. ಸಕಲೇಶಪುರದಲ್ಲೂ ಹಾಗೇ ಅಂತ ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ನಿನ್ನ ಹೋಂಸ್ಟೇ ಸುದ್ದಿಯೂ ಬಂತು. ಜೂನ್ ಅರ್ಧ ಕಳೆದ ಮೇಲೆ ಬುಕಿಂಗ್ ಬಿದ್ದುಹೋಯಿತಂತೆ. ಅದಕ್ಕೆ ತಲೆಗೆ 2,500 ಇದ್ದದ್ದನ್ನು 1,300ಕ್ಕೆ ಇಳಿಸಿದ್ದೀಯಂತೆ. ಅದೂ ಊಟ, ತಿಂಡಿ, ಸಂಜೆಯ ಬೋಂಡಾ ಎಲ್ಲ ಸೇರಿ! ಬೇಡ ಮಾರಾಯ, ಮೊದಲು ಅದನ್ನು ವಾಪಸ್ ತಗೋ.

ಆ ರೇಟಿಗೆ ಯಾರು ಬರುತ್ತಾರೆ ಅಂತ ಹೇಳಲಾ? ಶನಿವಾರ ಮಧ್ಯಾಹ್ನ ಎರಡು ಕಾರಿನಲ್ಲಿ ಹತ್ತು ಹುಡುಗರು. ಜೊತೆಗೊಂದು ದೊಡ್ಡ ಸ್ಪೀಕರು. ಭಾನುವಾರ ತಿಂಡಿ ಮುಗಿಸಿ ಹೊರಟರು ಅಂದರೆ ಆಯಿತು. ಶನಿವಾರಕ್ಕೆ ಹೇಗಿದ್ದರೂ ಜನ ಸಿಗುತ್ತಾರೆ. ಬೆಂಗಳೂರಿನವರಿಗೆ ಈಗ ಮಳೆ, ಮಂಜು ಅಂದರೆ ಹುಚ್ಚು. ನಿನ್ನ ರೂಮು ಖಾಲಿ ಇರುವುದು ಸೋಮವಾರದಿಂದ ಗುರುವಾರದವರೆಗೆ. ರಜೆಯೇ ಇಲ್ಲದವನಿಗೆ ಅರ್ಧ ರೇಟು ಹೇಳಿದರೆ ಅವನು ಬರುತ್ತಾನಾ? ಶನಿವಾರ ಪೂರ್ತಿ ಕೊಡುತ್ತಿದ್ದವನೂ ಅರ್ಧ ಕೊಟ್ಟು ಹೋಗುತ್ತಾನೆ, ಅಷ್ಟೇ.

ಈ ತಿಂಗಳುಗಳಲ್ಲಿ, ಅದೂ ವಾರದ ನಡುವೆ, ಬಿಡುವಿರುವುದು ಯಾರಿಗೆ ಅಂತ ಯೋಚನೆ ಮಾಡು. ದುಬೈ, ದೋಹಾದ ಕಡೆ ಶಾಲೆಗಳಿಗೆ ದೊಡ್ಡ ರಜೆ ಸಿಗುವುದೇ ಜುಲೈ, ಆಗಸ್ಟ್‌ನಲ್ಲಿ. ಅಮೆರಿಕದಲ್ಲಿ ಜೂನ್‌ನಿಂದಲೇ ರಜೆ. ಅಲ್ಲಿರುವ ನಮ್ಮವರು ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಬರುವುದು ಸರಿಯಾಗಿ ನಮ್ಮ ಆಫ್ ಸೀಸನ್ನಿನಲ್ಲಿ! ಅವರಲ್ಲಿ ಎಷ್ಟೋ ಜನರಿಗೆ ಈಗ ಅಜ್ಜಿ ಮನೆ ಅಂದರೆ ಬೆಂಗಳೂರಿನ ಫ್ಲಾಟು. ಮಕ್ಕಳಿಗೆ ಗದ್ದೆ ತೋರಿಸಬೇಕು, ಹಂಡೆಯ ಬಿಸಿನೀರಿನ ಸ್ನಾನ ಮಾಡಿಸಬೇಕು ಅಂತ ಆಸೆ ಇರುತ್ತದೆ. ಅವರಿಗೆ ಮಂಗಳವಾರವೂ ಒಂದೇ, ಶನಿವಾರವೂ ಒಂದೇ. ಆದರೆ ಪ್ಲಾನ್ ಮಾಡುವುದು ಮಾರ್ಚ್, ಏಪ್ರಿಲ್‌ನಲ್ಲೇ. ಹಾಗಾಗಿ ಮಳೆಗಾಲದ ಫೋಟೋ ಹಾಕಬೇಕಾದ್ದು ಬೇಸಿಗೆಯಲ್ಲಿ. ಈ ವರ್ಷ ಸಾಕಷ್ಟು ಫೋಟೋ ತೆಗೆದಿಟ್ಟುಕೋ.

ಇನ್ನು ರಿಟೈರ್ ಆದವರು. ಗಲಾಟೆ ಇಲ್ಲ, ಬೇಗ ಮಲಗುತ್ತಾರೆ, ಊಟ ಹೊಗಳುತ್ತಾರೆ. ಲ್ಯಾಪ್‌ಟಾಪ್ ಹಿಡಿದು ಬರುವವರೂ ಇದ್ದಾರೆ. ಗಾಳಿ ಮಳೆಗೆ ಮರ ಬಿದ್ದರೆ ಎರಡು ದಿನ ಕರೆಂಟಿಲ್ಲದ ಊರು ನಮ್ಮದು. ರೂಟರಿಗೂ ಇನ್ವರ್ಟರ್ ಲೈನ್ ಎಳೆಸು. ಆಗುವುದಿಲ್ಲ ಅಂದರೆ ವೈಫೈ ಇದೆ ಅಂತ ಬರೆಯಲೇಬೇಡ.

ಇವರೆಲ್ಲ ಮೂರು ನಾಲ್ಕು ರಾತ್ರಿ ಇರುವವರು. ನನಗೆ ಅದು ಮುಖ್ಯ. ಯಾಕೆ ಅಂದರೆ ಬೆಡ್‌ಶೀಟು. ಆಷಾಢದಲ್ಲಿ ಒಗೆದದ್ದು ನಾಲ್ಕು ದಿನವಾದರೂ ಒಣಗಲ್ಲ. ಕೈಗೆ ಒಣಗಿದ ಹಾಗೆ ಅನಿಸುತ್ತದೆ. ಮಡಚಿ ಬೀರುವಿಗೆ ಇಟ್ಟರೆ ಮರುದಿನ ಮುಗ್ಗಲು ವಾಸನೆ. ಬಚ್ಚಲ ಒಲೆ ಹತ್ತಿರ ಹರವಿದರೆ ಹೊಗೆ ವಾಸನೆ. ನಾನು ಒಲೆಯ ಗೋಡೆಯ ಆಚೆ ಬದಿಯ ಕೋಣೆಯಲ್ಲಿ ಬಟ್ಟೆ ಹರವಲು ಗಳ ಕಟ್ಟಿಸಿದ್ದೇನೆ. ಶಾಖ ಬರುತ್ತದೆ, ಹೊಗೆ ಬರುವುದಿಲ್ಲ. ಆಮೇಲೆ ಇಸ್ತ್ರಿ. ಇಷ್ಟೆಲ್ಲ ಮಾಡಿದರೂ ಯಾರಾದರೂ ಬರುವ ಮುಂಚೆ ದಿಂಬನ್ನು ನಾನೇ ಮೂಸಿ ನೋಡುತ್ತೇನೆ. ಕೆಲಸದವರ ಮೇಲೆ ಬಿಡುವುದಿಲ್ಲ.

ಈಗ ನಿನ್ನ ಲೆಕ್ಕವನ್ನೇ ನೋಡು. ತಲೆಗೆ 1,300ರಂತೆ ಮೂರು ದಿನ, ದಿನಕ್ಕೊಂದು ಜೋಡಿ ಬಂದರೆ 7,800 ರೂಪಾಯಿ, ಮೂರು ಸಲ ಹಾಸಿಗೆ ಬದಲು. 2,000ದಂತೆ ಒಂದೇ ಜೋಡಿ ಮೂರು ರಾತ್ರಿ ಇದ್ದರೆ 12,000, ಹಾಸಿಗೆ ಒಂದೇ ಸಲ. ರೇಟು ಬಿಡುವುದೇ ಆದರೆ ಜಾಸ್ತಿ ದಿನ ಇರುವವರಿಗೆ ಬಿಡು. ಒಂದು ರಾತ್ರಿಯವರಿಗೆ ಬಿಡಬೇಡ.

ಬುಕಿಂಗ್ ಹೋಗುತ್ತದೆ ಅಂತ ಏನನ್ನೂ ಮುಚ್ಚಿಡಬೇಡ. ಇಂಬಳ (ಜಿಗಣೆ) ಹತ್ತುತ್ತದೆ ಅಂತ ಮೊದಲೇ ಹೇಳು, ಬಂದ ಕೂಡಲೇ ಕೈಗೆ ಉಪ್ಪು, ಸುಣ್ಣ ಕೊಡು. ಹಲಸು ಹಣ್ಣಾಗುವ ಕಾಲ, ನಿಮ್ಮ ಕಡೆ ಆನೆ ತೋಟಕ್ಕೇ ಬರುತ್ತವೆ. ಕತ್ತಲಾದ ಮೇಲೆ ಯಾರನ್ನೂ ತೋಟದೊಳಗೆ ನಡೆಯಲು ಬಿಡಬೇಡ, ಎಷ್ಟೇ ಕೇಳಲಿ. ದಾರಿಯ ಸುದ್ದಿಯೂ ಅಷ್ಟೇ. 2024ರ ಜುಲೈನಲ್ಲಿ ಎಡಕುಮೇರಿ ಹತ್ತಿರ ಗುಡ್ಡ ಕುಸಿದು ರೈಲು ನಿಂತಿತ್ತು, ಶಿರಾಡಿ ಘಾಟಿಯಲ್ಲೂ ರಸ್ತೆ ಬಂದಾಗಿತ್ತು, ನೆನಪಿದೆಯಲ್ವಾ? 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ಆದದ್ದಂತೂ ಹೇಳುವುದೇ ಬೇಡ. ರೆಡ್ ಅಲರ್ಟ್ ಇದ್ದರೆ ನೀನೇ ಫೋನ್ ಮಾಡಿ ಬರಬೇಡಿ ಅನ್ನು, ದುಡ್ಡು ವಾಪಸ್ ಹಾಕು. ಹಾಗೆ ಹಾಕಿಸಿಕೊಂಡವರು ದಸರಾ ರಜೆಗೆ ನಮ್ಮಲ್ಲಿಗೇ ಬಂದದ್ದಿದೆ.

ನಿನಗೆ ಅಷ್ಟು ಗಾಬರಿಯಾದರೂ ಯಾಕೆ? 2000ನೇ ಇಸವಿ ಆಚೀಚೆ ಕಾಫಿ ರೇಟು ನೆಲಕಚ್ಚಿದಾಗ ಕೊಡಗು, ಚಿಕ್ಕಮಗಳೂರಿನಲ್ಲಿ ಎಷ್ಟೋ ತೋಟದವರು ಬೇರೆ ದಾರಿಯಿಲ್ಲದೆ ಹೋಂಸ್ಟೇ ಶುರು ಮಾಡಿದರು. ಆಗ ಬಂದವರೆಲ್ಲ ದೇವರೇ. ಈಗ ಕಾಫಿಗೆ ರೇಟಿದೆ. ನಾಲ್ಕು ದಿನ ರೂಮು ಖಾಲಿ ಇದ್ದರೆ ಇರಲಿ ಬಿಡು.

ನಿಜವಾಗಿ ಜನ ಕಮ್ಮಿ ಆಗುವುದು ಫೆಬ್ರವರಿ, ಮಾರ್ಚ್. ಮಕ್ಕಳಿಗೆ ಪರೀಕ್ಷೆ, ಬೆಂಕಿ ಭಯಕ್ಕೆ ಕಾಡಿನ ಚಾರಣ ಬಂದ್, ರೊಬಸ್ಟಾ ಕಾಫಿ ಕೊಯ್ಲಿಗೆ ಮನೆಮಂದಿಯೆಲ್ಲ ತೋಟದಲ್ಲಿ. ಆಗ ನಿನ್ನ ಕೈಲಿರುವುದು ಕಾಫಿ ಹೂವು. ಅರಳಿದರೆ ಎರಡು ಮೂರು ದಿನದ ವೈಭವ, ತೋಟವೆಲ್ಲ ಬೆಳ್ಳಗೆ, ಊರಿಗೆಲ್ಲ ಘಮ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಅರಳುತ್ತದೆ. ಅಂದರೆ ಒಂದು ವಾರ ಮುಂಚೆ ನಿನಗೆ ಗೊತ್ತು, ಪೇಟೆಯವರಿಗೆ ಗೊತ್ತಿಲ್ಲ. ಮಳೆಗೆ ಕಾಯದೆ ಸ್ಪ್ರಿಂಕ್ಲರಿನಲ್ಲಿ ನೀರು ಹಾಕುವ ರೊಬಸ್ಟಾ ತೋಟವಾದರೆ ಹೆಚ್ಚುಕಮ್ಮಿ ದಿನವನ್ನೇ ಹೇಳಬಹುದು. ಹಳೆಯ ಗಿರಾಕಿಗಳ ನಂಬರ್ ಎಲ್ಲ ವಾಟ್ಸಾಪಿನಲ್ಲಿ ಒಂದು ಕಡೆ ಇಟ್ಟುಕೊಂಡು, ಮಳೆ ಬಿದ್ದ ಸಂಜೆಯೇ ಎರಡು ಸಾಲು ಕಳಿಸು. ಮಕ್ಕಳು ದೊಡ್ಡವರಾದ ಜೋಡಿಗಳು ಹೊರಟು ಬರುತ್ತಾರೆ. ಇದಕ್ಕೆ ಯಾವ ಆ್ಯಪಿಗೂ ಕಮಿಷನ್ ಕೊಡಬೇಕಿಲ್ಲ.

ಅಡುಗೆ ವಿಷಯ ನಿಮ್ಮಮ್ಮನಿಗೆ ನಾನು ಹೇಳಿಕೊಡಬೇಕಾಗಿಲ್ಲ. ಈ ಕಾಲದಲ್ಲಿ ಪನೀರು, ಗೋಬಿ ಮಂಚೂರಿ ಬೇಡ. ಕಳಲೆ (ಎಳೆ ಬಿದಿರು) ಪಲ್ಯ, ಕಡುಬು, ಹಲಸಿನ ಹಪ್ಪಳ, ಕೆಸುವಿನ ಎಲೆಯ ಪತ್ರೊಡೆ ಸಾಕು. ಪತ್ರೊಡೆಗೆ ಮಾತ್ರ ಹುಳಿ ಕಮ್ಮಿ ಮಾಡಬೇಡಿ ಅಂತ ಹೇಳು. ಬಂದವರ ಗಂಟಲು ಕೆರೆದರೆ ಅದನ್ನೂ ರಿವ್ಯೂನಲ್ಲಿ ಬರೆಯುತ್ತಾರೆ!

ಇಂತಿ ನಿನ್ನ
ದೊಡ್ಡಮ್ಮ