ಮನೆಯ ವಸ್ತುಗಳಿಂದ ಅಚ್ಚು ಹಾಕಿಸುವ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಕಾಗದದ ಕರಕುಶಲ ತರಗತಿಗೆ ಬಣ್ಣ ಹಚ್ಚಿ ಕಾಗದದ ಮೇಲೆ ಒತ್ತುವ ಅಂಗಡಿಯ ಸಿದ್ಧ ಅಚ್ಚುಗಳನ್ನು ತರುವುದು ಬೇಡ, ಮನೆಯಲ್ಲಿ ಬಳಸಿ ಮುಗಿದ ವಸ್ತುಗಳೇ ಸಾಕು ಎಂಬ ನಮ್ಮ ಹೊಸ ನಿಯಮದ ಬಗ್ಗೆ ನಿಮ್ಮಲ್ಲಿ ಹಲವರು ಅಸಮಾಧಾನ ತಿಳಿಸಿದ್ದೀರಿ. ಎಸೆಯುವ ವಸ್ತುಗಳನ್ನು ಶಾಲೆಗೆ ಕಳುಹಿಸುವುದು ಸರಿಯೇ ಎಂದು ಕೆಲವರು ಕೇಳಿದ್ದೀರಿ. ಸಮವಸ್ತ್ರದ ತೋಳಿಗೆ ತಗುಲಿದ ಬಣ್ಣವನ್ನು ತೋರಿಸಿ ಬೇಸರಪಟ್ಟವರೂ ಇದ್ದೀರಿ. ಮಕ್ಕಳ ಮೇಲಿನ ಕಾಳಜಿಯಿಂದಲೇ ಈ ಮಾತುಗಳು ಬಂದಿವೆ ಎಂಬುದು ನಮಗೆ ತಿಳಿದಿದೆ. ಆದರೂ ನಿಯಮವನ್ನು ಮುಂದುವರಿಸಲು ನಿರ್ಧರಿಸಿದ್ದೇವೆ.

ಸಿದ್ಧ ಅಚ್ಚಿನಲ್ಲಿ ಹೂವು ಮೊದಲೇ ಹೂವಾಗಿರುತ್ತದೆ. ಮಗುವಿಗೆ ಉಳಿಯುವುದು ಒತ್ತುವ ಕೆಲಸ ಮಾತ್ರ. ಬಾಟಲಿಯ ಮುಚ್ಚಳ ಕೊಡುವುದು ಬರಿಯ ಒಂದು ವೃತ್ತವನ್ನು, ಅದು ಚಕ್ರವಾಗಬೇಕೋ ಸೂರ್ಯನಾಗಬೇಕೋ ಎಂಬುದನ್ನು ಮಗುವೇ ತೀರ್ಮಾನಿಸಬೇಕು. ರಟ್ಟಿನ ಕೊಳವೆಯ ತುದಿಯನ್ನು ಎರಡೂ ಬದಿಯಿಂದ ಚಿವುಟಿದರೆ ಅದೇ ವೃತ್ತ ಎಲೆಯಾಗುತ್ತದೆ. ಪೆಟ್ಟಿಗೆಯ ದಪ್ಪ ರಟ್ಟಿನ ಮೇಲ್ಪದರವನ್ನು ಸುಲಿದರೆ ಒಳಗಿನ ಏರಿಳಿತಗಳು ಸಾಲು ಗೆರೆಗಳಾಗಿ ಮೂಡುತ್ತವೆ. ಮರದ ತುಂಡಿಗೆ ರಬ್ಬರ್ ಬ್ಯಾಂಡುಗಳನ್ನು ಅಡ್ಡಾದಿಡ್ಡಿ ಸುತ್ತಿ ಒತ್ತಿದರೆ ಬಲೆಯಂಥ ವಿನ್ಯಾಸ ಸಿಗುತ್ತದೆ. ಉಬ್ಬಿದ ಭಾಗ ಮಾತ್ರ ಮುದ್ರೆಯಾಗುತ್ತದೆ, ತಗ್ಗು ಖಾಲಿ ಉಳಿಯುತ್ತದೆ, ರಟ್ಟಿನಲ್ಲಿ ಕತ್ತರಿಸಿ ಅಂಟಿಸಿದ ಅಕ್ಷರ ಎಡಬಲ ತಿರುಗಿ ಬರುತ್ತದೆ ಎಂಬುದನ್ನು ಮಕ್ಕಳು ಇಲ್ಲಿ ತಾವಾಗಿಯೇ ಕಂಡುಕೊಳ್ಳುತ್ತಾರೆ. ಅಚ್ಚುಮೊಳೆಗಳನ್ನು ಜೋಡಿಸಿ ಪುಸ್ತಕ ಮುದ್ರಿಸುತ್ತಿದ್ದುದೂ ಇದೇ ತತ್ತ್ವದಿಂದ. ಇದನ್ನು ಕಸದ ಆಟವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಇನ್ನು ಬಟ್ಟೆಗೆ ತಗಲುವ ಬಣ್ಣದ ಕಲೆಯ ವಿಷಯ. ನಾವು ಬಳಸುವುದು ನೀರಿನಲ್ಲಿ ಕರಗುವ ಪೋಸ್ಟರ್ ಬಣ್ಣ. ಅಕ್ರಿಲಿಕ್ ಬಣ್ಣ ಒಣಗಿದ ಮೇಲೆ ಬಟ್ಟೆಯಿಂದ ಸುಲಭವಾಗಿ ಬಿಡುವುದಿಲ್ಲವಾದ್ದರಿಂದ ಅದನ್ನು ತರಗತಿಗೆ ತರುವುದೇ ಇಲ್ಲ. ಬಣ್ಣವನ್ನು ಬಟ್ಟಲಿನಲ್ಲಿ ಇಡದೆ ಒದ್ದೆ ಸ್ಪಂಜಿಗೆ ಸವರಿ ಕೊಡುತ್ತೇವೆ, ಏಕೆಂದರೆ ಹೆಚ್ಚಾದ ಬಣ್ಣ ಅಚ್ಚಿನ ತಗ್ಗುಗಳನ್ನು ತುಂಬಿ ವಿನ್ಯಾಸವನ್ನೇ ಅಳಿಸುತ್ತದೆ, ಚೆಲ್ಲುವುದೂ ಹೆಚ್ಚು. ಇಷ್ಟಾದರೂ ಕೈ ಬಳಸಿ ಮಾಡುವ ಕೆಲಸದಲ್ಲಿ ಕಲೆ ಆಗುವುದೇ ಇಲ್ಲವೆಂದು ಭರವಸೆ ಕೊಡಲಾರೆ. ಕಲೆ ಒಣಗುವ ಮೊದಲೇ ತಣ್ಣೀರಿನಲ್ಲಿ ತೊಳೆದರೆ ಬಹುಮಟ್ಟಿಗೆ ಹೋಗುತ್ತದೆ.

ಔಷಧ, ಕೀಟನಾಶಕ, ನೆಲ ತೊಳೆಯುವ ದ್ರಾವಣ ಇವುಗಳ ಮುಚ್ಚಳಗಳನ್ನೂ ಗಾಜನ್ನೂ ಚೂಪು ಅಂಚಿನ ಲೋಹದ ಡಬ್ಬಿಗಳನ್ನೂ ದಯವಿಟ್ಟು ಕಳುಹಿಸಬೇಡಿ. ಗುಂಡಿಯಂಥ ಸಣ್ಣ ವಸ್ತುಗಳನ್ನು ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳ ಕೈಗೆ ನಾವು ಕೊಡುವುದಿಲ್ಲ.

ಸಿದ್ಧ ಅಚ್ಚುಗಳ ಮೇಲೆ ನಮಗೆ ದ್ವೇಷವಿಲ್ಲ ಎಂಬುದನ್ನೂ ಹೇಳಬಯಸುತ್ತೇನೆ. ಪ್ರೀತಿಯಿಂದ ಕೊಡಿಸಿದ ಅಚ್ಚಿನ ಪೆಟ್ಟಿಗೆಯನ್ನು ನಿಮ್ಮ ಮಗು ಮನೆಯಲ್ಲಿ ಸಂತೋಷದಿಂದ ಬಳಸಲಿ. ತರಗತಿಯಲ್ಲಿ ಮಾತ್ರ ಒಬ್ಬರ ಬಳಿ ದೊಡ್ಡ ಪೆಟ್ಟಿಗೆ, ಪಕ್ಕದವರ ಬಳಿ ಏನೂ ಇಲ್ಲ ಎಂಬ ಸ್ಥಿತಿ ಬರಬಾರದು. ತನ್ನ ಕೈಯಲ್ಲಿರುವ ಸಾದಾ ವಸ್ತುವನ್ನು ತಿರುಗಿಸಿ ನೋಡಿ, ಇದರಿಂದ ಏನು ಮೂಡೀತು ಎಂದು ಯೋಚಿಸುವ ಅವಕಾಶ ಪ್ರತಿ ಮಗುವಿಗೂ ಸಿಗಬೇಕು. ಈ ಒಂದು ವಿಷಯದಲ್ಲಿ ಸಡಿಲಿಕೆ ಕೊಡಲು ಸಾಧ್ಯವಿಲ್ಲ, ದಯವಿಟ್ಟು ಅನ್ಯಥಾ ಭಾವಿಸಬೇಡಿ.

ಕರಕುಶಲ ತರಗತಿಯಿರುವ ದಿನ ತೊಳೆದು ಒಣಗಿಸಿದ ಒಂದು ವಸ್ತುವನ್ನೂ ಸಮವಸ್ತ್ರದ ಮೇಲೆ ಹಾಕಿಕೊಳ್ಳಲು ಒಂದು ಹಳೆಯ ಅಂಗಿಯನ್ನೂ ಮಗುವಿನೊಂದಿಗೆ ಕಳುಹಿಸಿಕೊಡಿ.

ಇತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು