ಕಾಡಿನ ಸಮೀಕ್ಷೆ ಮಳೆಗಾಲದ ರಾತ್ರಿಯಲ್ಲೂ ನಡೆಯಲಿ

ಸಂಪಾದಕರಿಗೆ,

ಮಾನ್ಯರೆ,

ಪಶ್ಚಿಮಘಟ್ಟದಲ್ಲಿ ಹೊಸ ಕಪ್ಪೆ ಪತ್ತೆಯಾಯಿತೆಂಬ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಅಂಗೈಯಗಲದ ಚಿತ್ರ, ನಾಲ್ಕು ಸಾಲು, ಕಂಡುಹಿಡಿದವರ ಹೆಸರು, ಅಲ್ಲಿಗೆ ಮುಗಿಯಿತು. ಆ ಕಪ್ಪೆ ಯಾವ ತಿಂಗಳಲ್ಲಿ ಸಿಕ್ಕಿತು, ಹಗಲಿನಲ್ಲೋ ರಾತ್ರಿಯಲ್ಲೋ, ಎಷ್ಟು ಮಳೆಗಾಲ ಕಾದ ಮೇಲೆ ಎಂಬುದು ಸುದ್ದಿಯಲ್ಲಿ ಇರುವುದು ಅಪರೂಪ. ನನಗೆ ಮುಖ್ಯವೆನಿಸುವುದು ಅದೇ. ಹೊಸ ಜೀವಿಯನ್ನು ಹುಡುಕುವ ಸಂಶೋಧಕ ಕಾಡಿಗೆ ಹೋಗುವ ಹೊತ್ತಿಗೂ, ಆ ಕಾಡಿನಲ್ಲಿ ಏನೇನಿದೆಯೆಂದು ಸರ್ಕಾರಕ್ಕೆ ವರದಿ ಬರೆಯುವವರು ಹೋಗುವ ಹೊತ್ತಿಗೂ ಅಜಗಜಾಂತರವಿದೆ.

ನಮ್ಮ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನನ್ನೇ ನೋಡಿ. ಹೊನ್ನಾವರದಿಂದ ಜೋಗದ ಕಡೆಗೆ ಘಟ್ಟ ಹತ್ತುವಾಗ ಸಿಗುವ ಕಾಡು ಅದು. ಒಳಗಿಳಿದರೆ ರಾಮಪತ್ರೆ ಜಡ್ಡಿ: ನೀರು ಜಿನುಗುವ ಕೆಸರು, ಮಡಿಸಿದ ಮೊಣಕಾಲಿನ ಹಾಗೆ ಕೆಸರಿನಿಂದ ಮೇಲೆದ್ದು ಮತ್ತೆ ಒಳಹೊಕ್ಕ ಬೇರುಗಳು, ನಡುಹಗಲಲ್ಲೂ ಸಂಜೆಯಂತಹ ಬೆಳಕು. ಗುಡ್ಡೆಗೇರಿನ ಕುಲಕ್ಕೆ ಸೇರಿದ ಹೊಸ ಮರವೊಂದನ್ನು ಈ ಜಡ್ಡಿಯಿಂದಲೇ 2000ನೇ ಇಸವಿಯಲ್ಲಿ ವಿವರಿಸಿ, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಕಾಡಿನ ಹೆಸರನ್ನೇ ಅದಕ್ಕೆ ಇಟ್ಟರು. ಎಲ್ಲೂ ಅವಿತುಕೊಳ್ಳಲಾಗದೆ ನಿಂತಲ್ಲೇ ನಿಂತಿರುವ ಮರವೇ ಅಲ್ಲಿಯವರೆಗೆ ಶಾಸ್ತ್ರದ ಲೆಕ್ಕಕ್ಕೆ ಸಿಕ್ಕಿರಲಿಲ್ಲವೆಂದ ಮೇಲೆ, ಕಲ್ಲಿನ ಸಂದಿಯಲ್ಲಿ ಹಗಲು ಕಳೆಯುವ ಕಪ್ಪೆಯ ಮಾತೇನು?

ಆ ಕಪ್ಪೆಯೂ ಇಲ್ಲಿ ಸಿಕ್ಕಿತು. ಸಂಶೋಧಕ ಕೆ. ವಿ. ಗುರುರಾಜ ಮತ್ತು ಅವರ ಸಂಗಡಿಗರು 2014ರಲ್ಲಿ ಅದನ್ನು ಹೊಸ ಪ್ರಭೇದವೆಂದು ವಿವರಿಸಿ ನಿಕ್ಟಿಬ್ಯಾಟ್ರಾಕಸ್ ಕುಂಬಾರ ಎಂದು ಹೆಸರಿಟ್ಟರು. ಲೋಕದ ವಿಜ್ಞಾನಿಗಳೆಲ್ಲ ಬಳಸಲೇಬೇಕಾದ ಹೆಸರಿನೊಳಗೆ ಅಚ್ಚಗನ್ನಡದ ಪದವೊಂದು ಸೇರಿತೆಂಬುದು ನನಗೆ ಇಂದಿಗೂ ಸಂತೋಷದ ವಿಷಯ. ಹೆಸರು ಯಾಕೆ ಬಂತೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ಆಷಾಢದ ಒಂದು ರಾತ್ರಿ, ಅಧ್ಯಯನಕ್ಕೆಂದು ಬಂದಿದ್ದ ಇಬ್ಬರು ವಿದ್ಯಾರ್ಥಿಗಳ ಜೊತೆ ಹಳ್ಳದ ಬದಿಯಲ್ಲಿ ಮೂರು ತಾಸು ಕೂತಿದ್ದೆ. ಮಾತಾಡುವಂತಿಲ್ಲ, ಅಲುಗಾಡುವಂತಿಲ್ಲ, ಕಾಲಿಗೆ ಸುಣ್ಣ, ನಶ್ಯ ಬಳಿದುಕೊಂಡಿದ್ದರೂ ಇಂಬಳಗಳು ಬಿಡಲಿಲ್ಲ. ನೀರಿನ ಮೇಲೆ ಚಾಚಿದ್ದ ಒಣಕಡ್ಡಿಯೊಂದಕ್ಕೆ ಮೊಟ್ಟೆಗಳು ಅಂಟಿಕೊಂಡಿದ್ದವು. ಗಂಡು ಕಪ್ಪೆ ಹಳ್ಳದ ತಳದಿಂದ ಎರಡೂ ಮುಂಗೈಗಳಲ್ಲಿ ಕೆಸರು ತೆಗೆದು, ಹಿಂಗಾಲುಗಳ ಮೇಲೆ ಎದ್ದುನಿಂತು, ಆ ಮೊಟ್ಟೆಗಳಿಗೆ ಮೆತ್ತತೊಡಗಿತು. ಮತ್ತೆ ಇಳಿಯುವುದು, ಮತ್ತೆ ಕೆಸರು ತರುವುದು. ಮಡಕೆಯ ಹೊರಮೈ ಸವರುವ ಕೈಯನ್ನು ನೋಡಿದವರಿಗೆ ಆ ಚಲನೆ ಚೆನ್ನಾಗಿ ಗೊತ್ತು. ಮೊಟ್ಟೆ ಒಣಗದಿರಲಿ, ತಿನ್ನುವವರ ಕಣ್ಣಿಗೆ ಬೀಳದಿರಲಿ ಎಂದು ಈ ಏರ್ಪಾಡು ಇದ್ದೀತು.

ಮರುದಿನ ಬೆಳಿಗ್ಗೆ ಅದೇ ಜಾಗಕ್ಕೆ ಹೋದೆವು. ಕಡ್ಡಿಗೊಂದಿಷ್ಟು ಕೆಸರು ಹತ್ತಿತ್ತು, ಅಷ್ಟೆ. ಮಳೆಗಾಲದ ಹಳ್ಳದಲ್ಲಿ ಕೆಸರು ಹತ್ತಿದ ಕಡ್ಡಿಯನ್ನು ಯಾರು ತಾನೇ ತಿರುಗಿ ನೋಡುತ್ತಾರೆ?

ಇದೊಂದೇ ಉದಾಹರಣೆಯಲ್ಲ. ದೆಹಲಿ ವಿಶ್ವವಿದ್ಯಾಲಯದ ಎಸ್. ಡಿ. ಬಿಜು, ಸೋನಾಲಿ ಗರ್ಗ್ ಮುಂತಾದವರು ಕೇರಳ ಮತ್ತು ತಮಿಳುನಾಡಿನ ಘಟ್ಟಗಳಿಂದ 2017ರಲ್ಲಿ ಏಳು ಹೊಸ ಇರುಳುಗಪ್ಪೆಗಳನ್ನು (ಅವೂ ನಿಕ್ಟಿಬ್ಯಾಟ್ರಾಕಸ್ ಕುಲದವೇ) ವಿವರಿಸಿದಾಗ, ಅವುಗಳಲ್ಲಿ ನಾಲ್ಕು ಹೆಬ್ಬೆರಳಿನ ಉಗುರಿನ ಮೇಲೆ ಕೂರುವಷ್ಟು ಚಿಕ್ಕವು, ಹನ್ನೆರಡರಿಂದ ಹದಿನೈದು ಮಿಲಿಮೀಟರ್ ಉದ್ದದವು. ಅಷ್ಟು ಕಾಲ ಅವು ಯಾರಿಗೂ ಸಿಗದಿದ್ದುದಕ್ಕೆ ಗಾತ್ರವೊಂದೇ ಕಾರಣವಲ್ಲ. ಉದುರಿದ ಎಲೆಗಳ ದರಕಿನಡಿ ಅಡಗಿ ಕೂತು ಹುಳುವಿನಂತೆ ಕೂಗುವ ಆ ದನಿಯನ್ನು ಕೇಳಿದವರೂ ಕೀಟವೆಂದೇ ಬಗೆದಿರಬೇಕು. ಮಣಿಪಾಲದ ಮುರಕಲ್ಲಿನ ಬಯಲಿನಿಂದ 2016ರಲ್ಲಿ ವಿವರಿಸಲಾದ ಪುಟ್ಟ ಕಪ್ಪೆಯ ಕೂಗೂ ಚಿಮ್ಮಂಡೆಯದರ ಹಾಗೆಯೇ ಇದೆ. ಸಿ. ಆರ್. ನಾರಾಯಣ ರಾವ್ ಅವರು 1920ರಲ್ಲಿ ವಿವರಿಸಿದ ಕೊಡಗಿನ ಇರುಳುಗಪ್ಪೆ ಮತ್ತೆ ವಿಜ್ಞಾನದ ದಾಖಲೆಗೆ ಬಂದದ್ದು 2011ರಲ್ಲಿ, 91 ವರ್ಷಗಳ ನಂತರ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪಾಠ ಹೇಳುತ್ತಲೇ ನಮ್ಮ ಕಪ್ಪೆಗಳಿಗೆ ಶಾಸ್ತ್ರೀಯ ಹೆಸರು ಕೊಟ್ಟ ಆ ಮಹನೀಯರು ಸಂಗ್ರಹಿಸಿಟ್ಟಿದ್ದ ಹಲವು ಮೂಲ ಮಾದರಿಗಳನ್ನೂ, ಅಂದರೆ ಹೆಸರಿಡಲು ಆಧಾರವಾದ ಕಪ್ಪೆಗಳನ್ನೂ, ನಾವು ಕಳೆದುಕೊಂಡೆವೆಂಬುದು ಬೇರೆಯೇ ಒಂದು ನೋವಿನ ಕಥೆ. ನಡುವಿನ ಆ 91 ವರ್ಷಗಳಲ್ಲಿ ಯಾರಾದರೂ 'ಇಂತಹ ಕಪ್ಪೆ ಇಲ್ಲಿಲ್ಲ' ಎಂದು ವರದಿ ಬರೆದಿದ್ದರೆ ಅಲ್ಲಗಳೆಯುವವರು ಇರುತ್ತಿರಲಿಲ್ಲ.

ಈಗ ವರದಿಗಳ ವಿಷಯಕ್ಕೆ ಬರುತ್ತೇನೆ. ಗಣಿಯೂ ಸೇರಿದಂತೆ ಹಲವು ಬಗೆಯ ಯೋಜನೆಗಳ ಪರಿಸರ ಪರಿಣಾಮ ವರದಿಗೆ, ಮಳೆಗಾಲ ಹೊರತುಪಡಿಸಿ ಒಂದು ಋತುವಿನ ಮಾಹಿತಿ ಸಾಕೆಂಬ ಪದ್ಧತಿ ನಮ್ಮ ದೇಶದಲ್ಲಿ ನಡೆದುಬಂದಿದೆ. ಮಳೆ ಬಿದ್ದಾಗ ಧೂಳು ಅಡಗುವುದರಿಂದ ಗಾಳಿಯನ್ನು ಅಳೆಯುವವರಿಗೆ ಅದು ಸರಿಯೇ. ಆದರೆ ಮಳೆಯಲ್ಲೇ ಕೂಗಿ, ಮಳೆಯಲ್ಲೇ ಕೂಡಿ, ಮಳೆಯಲ್ಲೇ ಮೊಟ್ಟೆಯಿಡುವ ಜೀವಿಗಳಿಗೂ ಅದೇ ಅಳತೆಗೋಲನ್ನು ಹಿಡಿದರೆ, ಅವು ಇಲ್ಲವೆಂದು ಹುಡುಕುವ ಮೊದಲೇ ತೀರ್ಮಾನಿಸಿದಂತಾಯಿತು. ನಮ್ಮೂರಿನ ಪಕ್ಕದ ಕಾಮಗಾರಿಯೊಂದಕ್ಕೆ ಸಮೀಕ್ಷೆ ಮಾಡಲು ಬಂದವರು ಏಪ್ರಿಲ್ ತಿಂಗಳಲ್ಲಿ ಎರಡು ಹಗಲು ಜೀಪಿನಲ್ಲಿ ಓಡಾಡಿ, ನನ್ನ ಜಗಲಿಯಲ್ಲಿ ಕೂತು, ಇಲ್ಲಿ ಯಾವ ಯಾವ ಪ್ರಾಣಿಗಳಿವೆಯೆಂದು ಕೇಳಿ ಬರೆದುಕೊಂಡು ಹೋದರು. ಹಳ್ಳ ಆಗ ಬತ್ತಿತ್ತು. ನಾನು ಹೇಳಿದ್ದರಲ್ಲಿ ಕಾಡುಕೋಣ, ಮಂಗಟ್ಟೆ, ಸಿಂಗಳೀಕ ವರದಿಯಲ್ಲಿ ಉಳಿದವು. ಕಪ್ಪೆಗಳ ಸಾಲಿನಲ್ಲಿ ಎಲ್ಲ ಊರುಗಳಲ್ಲೂ ಸಿಗುವ ಎರಡು ಹೆಸರುಗಳಿದ್ದವು.

ಶರಾವತಿ ಕಣಿವೆಯ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯ (ಕೆಳಗಿನ ಜಲಾಶಯದ ನೀರನ್ನು ಮೇಲಕ್ಕೆತ್ತಿ, ಬೇಕಾದಾಗ ಮತ್ತೆ ಕೆಳಗೆ ಬಿಟ್ಟು ವಿದ್ಯುತ್ ತಯಾರಿಸುವ ಯೋಜನೆ) ಬಗ್ಗೆ ನಾಡಿನಲ್ಲಿ ಪರ-ವಿರೋಧದ ಮಾತು ಕೇಳಿಬರುತ್ತಿರುವಾಗ ಈ ಪ್ರಶ್ನೆ ಇನ್ನಷ್ಟು ತುರ್ತಿನದಾಗಿದೆ. ಯೋಜನೆ ಬೇಕೋ ಬೇಡವೋ ಎಂಬ ವಾದಕ್ಕೆ ಈ ಪತ್ರದಲ್ಲಿ ನಾನು ಇಳಿಯುವುದಿಲ್ಲ. ಘಟ್ಟದ ನಿತ್ಯಹರಿದ್ವರ್ಣ ಕಾಡನ್ನು ಮುಟ್ಟುವ ಯಾವುದೇ ಯೋಜನೆಗೂ ಕನಿಷ್ಠ ಒಂದು ಪೂರ್ತಿ ಮಳೆಗಾಲ, ಹಳ್ಳದಿಂದ ಹಳ್ಳಕ್ಕೆ, ರಾತ್ರಿಯ ಹೊತ್ತು, ಕೂಗನ್ನು ಗುರುತಿಸಬಲ್ಲವರಿಂದ ಸಮೀಕ್ಷೆ ನಡೆಯಬೇಕು; ಧ್ವನಿಮುದ್ರಿಸಿಕೊಂಡ ಕೂಗುಗಳು ವರದಿಯ ಜೊತೆಗೇ ಸಾರ್ವಜನಿಕರಿಗೆ ಸಿಗಬೇಕು. ದಾರಿ ತೋರಿಸಿ, ಟಾರ್ಚು ಹಿಡಿದು, ಯಾವ ಕಲ್ಲಿನಡಿ ಏನಿದೆಯೆಂದು ಹೇಳುವ ಸ್ಥಳೀಯರಿಗೆ ದಿನಗೂಲಿಯಷ್ಟೇ ಅಲ್ಲ, ವರದಿಯಲ್ಲಿ ಹೆಸರೂ ಸಲ್ಲಬೇಕು.

ಜೀವವೈವಿಧ್ಯ ಕಾಯ್ದೆಯ ಪ್ರಕಾರ ಗ್ರಾಮ ಪಂಚಾಯಿತಿಗಳಲ್ಲಿ ಇರಬೇಕಾದ ಜನತಾ ಜೀವವೈವಿಧ್ಯ ದಾಖಲಾತಿಯನ್ನು ನಾನು ಕೇಳಿ ತರಿಸಿ ನೋಡಿದೆ. ಅದರಲ್ಲಿ 'ಕಪ್ಪೆ' ಎಂದು ಒಂದೇ ಒಂದು ಪದವಿದೆ. ನಮ್ಮ ಕೇರಿಯ ನಾಲ್ಕು ಮಂದಿ ಹುಡುಗರು ಈ ಮಳೆಗಾಲ ವಾರಕ್ಕೊಂದು ರಾತ್ರಿ ಹಳ್ಳಕ್ಕಿಳಿದು ಆ ಪುಟವನ್ನು ತುಂಬಲು ಸಿದ್ಧರಿದ್ದಾರೆ. ಕಪ್ಪೆಯ ಕೂಗು ಬಲ್ಲವರು ಯಾರಾದರೂ ಜೊತೆಗೆ ಬರುವುದಾದರೆ ನಮ್ಮ ಮನೆಯಲ್ಲಿ ಊಟ, ವಸತಿಗೆ ಕೊರತೆಯಾಗದು. ಮೊದಲ ಮಳೆ ಹಿಡಿದ ವಾರವೇ ಬಂದರೆ ಒಳ್ಳೆಯದು.

— ನಿವೃತ್ತ ಶಿಕ್ಷಕ, ಸಿದ್ದಾಪುರ ತಾಲ್ಲೂಕು, ಉತ್ತರ ಕನ್ನಡ