ಶಾಸಕರೇ, ಉಷಾ ಓಡಿದ ಮರಳಲ್ಲಿ ಯಾರೂ ಕಂಬ ನೆಟ್ಟಿರಲಿಲ್ಲ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ನಾಲ್ಕು ವರ್ಷದಲ್ಲಿ ಆರು ಅರ್ಜಿ ಕೊಟ್ಟೆ. ಐದಕ್ಕೆ ಉತ್ತರವೇ ಇಲ್ಲ, ಆರನೆಯದಕ್ಕೆ 'ಪರಿಶೀಲನೆಯಲ್ಲಿದೆ' ಅಂತ ಹಿಂಬರಹ ಬಂತು. ಅದಕ್ಕೇ ಈಗ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ. ಕೇಳುವುದು ಒಂದೇ: ತಾಲೂಕು ಕ್ರೀಡಾಂಗಣದ ಟ್ರ್ಯಾಕಿನಲ್ಲಿ ಪೆಂಡಾಲಿನ ಕಂಬ ನೆಡಿಸಬೇಡಿ. ಕ್ರೀಡಾಂಗಣವನ್ನು ಬೇರೆ ಕಾರ್ಯಕ್ರಮಕ್ಕೆ ಕೊಡುವಾಗಿನ ಷರತ್ತುಗಳು ತಮಗೆ ಗೊತ್ತೇ ಇರುತ್ತವೆ, ನಾನೇನು ಹೇಳಿಕೊಡುವುದು.

ಕಳೆದ ತಿಂಗಳ ಬಹುಮಾನ ವಿತರಣೆಯಲ್ಲಿ ತಾವು, "ಸೌಲಭ್ಯ ಇಲ್ಲ ಅಂತ ಅಳಬಾರದು, ಪಿ.ಟಿ. ಉಷಾ ಸಮುದ್ರದ ಮರಳಲ್ಲಿ ಓಡಿಯೇ ಚಾಂಪಿಯನ್ ಆದರು" ಎಂದಿರಿ. ಚಪ್ಪಾಳೆ ಬಿತ್ತು. ನಾನು ತಟ್ಟಲಿಲ್ಲ, ಕೈಯಲ್ಲಿ ಮಗಳ ಎಕ್ಸ್‌ರೇ ಇತ್ತು.

ಅದರ ಹಿಂದಿನ ವಾರ ಅದೇ ಮೈದಾನದಲ್ಲಿ ಸಮಾವೇಶ ಆಗಿತ್ತು. ಕಂಬ ಕಿತ್ತವರು ಗುಂಡಿಗಳ ಮೇಲೆ ಕಾಲಲ್ಲೇ ಒಂದಿಷ್ಟು ಮಣ್ಣು ಎಳೆದು ಹೋಗಿದ್ದರು. ಬೆಳಗಿನ ಐದೂಮುಕ್ಕಾಲು, ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಇನ್ನೂರು ಮೀಟರ್ ಅಭ್ಯಾಸ ಮಾಡುತ್ತಿದ್ದ ಮಗಳು ತಿರುವಿನಲ್ಲಿ, ಮೂರನೇ ಲೇನಿನಲ್ಲಿ, ಕಣಕಾಲಿನ ತನಕ ಒಳಗೆ ಹೋದಳು. ಕಂಬ ಅಲುಗದಿರಲಿ ಅಂತ ತುರುಕಿದ್ದ ಇಟ್ಟಿಗೆ ಚೂರು ಗುಂಡಿಯಲ್ಲಿ ಹಾಗೇ ಇತ್ತು. ಅವಳನ್ನು ಟಿವಿಎಸ್ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆ, ದಾರಿಯುದ್ದಕ್ಕೂ "ಅಪ್ಪಾ, ದಸರಾ ಕ್ರೀಡಾಕೂಟದ ಹೊತ್ತಿಗೆ ಸರಿಯಾಗತ್ತಾ?" ಅಂತ ಒಂದೇ ಪ್ರಶ್ನೆ. ಆಗಲಿಲ್ಲ. ಆರು ವಾರ ಪ್ಲಾಸ್ಟರ್. ಆ ಇಟ್ಟಿಗೆ ಚೂರು ಈಗ ನಮ್ಮ ಮನೆಯ ಶೋಕೇಸಿನಲ್ಲಿದೆ, ಅವಳ ಪದಕಗಳ ಪಕ್ಕ. ಬಿಡುವಿದ್ದಾಗ ಬಂದು ನೋಡಿ.

ಈಗ ಉಷಾ ವಿಷಯ. ಕೇರಳದ ತಮ್ಮ ಊರು ಪಯ್ಯೋಳಿಯ ಮರಳಲ್ಲಿ ಅವರು ಓಡಿದ್ದು ನಿಜ. ಆ ಮರಳನ್ನು ಯಾರೂ ಅಗೆದಿರಲಿಲ್ಲ ಅನ್ನುವುದೂ ನಿಜ. ಆದರೆ ಅದಕ್ಕೂ ಮೊದಲು, 1976ರಲ್ಲಿ, ಹೆಣ್ಣುಮಕ್ಕಳಿಗೆಂದೇ ಕಣ್ಣೂರಿನಲ್ಲಿ ಕ್ರೀಡಾ ಶಾಲೆ ತೆರೆದದ್ದು ಕೇರಳ ಸರಕಾರ. ಆ ಬಡ ಹುಡುಗಿಗೆ ಒ.ಎಂ. ನಂಬಿಯಾರ್ ಅವರಂಥ ಕೋಚ್ ಸಿಕ್ಕಿದ್ದು ಹಾಗೆ. ತಮ್ಮ ಭಾಷಣದಲ್ಲಿ ಸರಕಾರದ ಪಾಲು ಯಾಕೋ ಬಿಟ್ಟುಹೋಯಿತು.

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಅವರ ಸಮಯ 55.42 ಸೆಕೆಂಡು. ಕಂಚು ಗೆದ್ದ ರುಮೇನಿಯಾದವರದು 55.41. ಅಲ್ಲಿ ಗಂಜಿ, ಉಪ್ಪಿನಕಾಯಿ ತಿಂದು ಓಡಿದೆ, ಕೊನೆಯಲ್ಲಿ ಕಸುವು ಸಾಲಲಿಲ್ಲ ಅಂತ ಉಷಾ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಇಲ್ಲದ ಸೌಲಭ್ಯಕ್ಕೆ ಅವರು ತೆತ್ತ ಬೆಲೆ ಅದು. ತಾವು ಅದನ್ನೇ ನಮ್ಮ ಮಕ್ಕಳಿಗೆ ಆದರ್ಶ ಅಂತ ತೋರಿಸುತ್ತೀರಿ! ಮರುವರ್ಷ ಜಕಾರ್ತದ ಏಷ್ಯನ್ ಅಥ್ಲೆಟಿಕ್ಸ್ ಚಾಂಪಿಯನ್‌ಶಿಪ್‌ನಲ್ಲಿ ಐದು ಚಿನ್ನ, 1986ರ ಸೋಲ್ ಏಷ್ಯಾಡ್‌ನಲ್ಲಿ ನಾಲ್ಕು ಚಿನ್ನ ಗೆದ್ದರು, ಸರಿ. ಅಷ್ಟೆಲ್ಲ ಗೆದ್ದ ಮೇಲೂ ಮರಳೇ ಸಾಕು ಅನ್ನಿಸಿದ್ದರೆ ಕೇರಳದ ಕಿನಾಲೂರಿನಲ್ಲಿರುವ ಅವರ ಅಥ್ಲೆಟಿಕ್ಸ್ ಶಾಲೆಗೆ ಸಿಂಥೆಟಿಕ್ ಟ್ರ್ಯಾಕ್ ಯಾಕೆ ಬೇಕಿತ್ತು? 2017ರಲ್ಲಿ ಅದನ್ನು ಉದ್ಘಾಟಿಸಿದ್ದು ಸ್ವತಃ ಪ್ರಧಾನಿ.

ನಾವು ಸಿಂಥೆಟಿಕ್ ಕೇಳುತ್ತಿಲ್ಲ. ಮಣ್ಣಿನ ಟ್ರ್ಯಾಕೇ ಇರಲಿ. ಅದರಲ್ಲಿ ಕಂಬ ನೆಡಿಸಬೇಡಿ. ಮೈದಾನದ ಆ ಬದಿಯಲ್ಲಿ ಬೇಕಾದಷ್ಟು ಖಾಲಿ ಜಾಗವಿದೆ, ಅಲ್ಲಿ ತಮ್ಮ ಕಟೌಟನ್ನೂ ನಿಲ್ಲಿಸಿಕೊಳ್ಳಿ, ಯಾರ ತಕರಾರೂ ಇಲ್ಲ.

ಭಾನುವಾರ ಮತ್ತೆ ಕಾರ್ಯಕ್ರಮವಂತೆ. ನಿನ್ನೆ ಸಂಜೆ ಲಾರಿ ಬಂದು ಕಂಬ ಇಳಿಸಿ ಹೋಗಿದೆ, ಸರಿಯಾಗಿ ಓಟ ಶುರುವಾಗುವ ಗೆರೆಯ ಮೇಲೆ. ಪ್ಲಾಸ್ಟರ್ ಬಿಚ್ಚಿ ಹತ್ತು ದಿನವಾಯಿತು, ಸೋಮವಾರದಿಂದ ನಿಧಾನಕ್ಕೆ ಓಡಬಹುದು ಅಂದಿದ್ದಾರೆ ಡಾಕ್ಟರು. ಟ್ರ್ಯಾಕಿನಲ್ಲಿ ಕಂಬ ನೆಡಬೇಡಿ ಅಂತ ಶನಿವಾರದೊಳಗೆ ಒಂದು ಫೋನ್ ಮಾಡಿ, ಸಾಕು.

ಇತಿ,
ತಮ್ಮ ಕ್ಷೇತ್ರದ ಮತದಾರ,
ಓಟಗಾರ್ತಿಯೊಬ್ಬಳ ಅಪ್ಪ